ಹುತ್ರಿದುರ್ಗದ ಎತ್ತಿಗೆ ಬಂದ ಕಾಯಿಲೆ

ನಮ್ಮ ಸೋದರಮಾವನಷ್ಟು ಕೆಟ್ಟದಾಗಿ ಸುಳ್ಳು ಹೇಳುವ ಮನುಷ್ಯ ಇಡೀ ಗುಬ್ಬಿ ತಾಲ್ಲೂಕಿನಲ್ಲಿ ಇನ್ನೊಬ್ಬ ಸಿಗಲಾರ! ಅಭ್ಯಾಸವಿಲ್ಲದ್ದೇ ಅದಕ್ಕೆ ಕಾರಣ. ಅರವತ್ತೆರಡು ವರ್ಷ ನಿಜವನ್ನೇ, ಅದೂ ಊರಿಗೆಲ್ಲ ಕೇಳುವಂತೆ, ಹೇಳಿಕೊಂಡು ಬಂದವರು.

ಮೂವತ್ತು ವರ್ಷ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತರಾದವರು ಮಾವ. ಹಾಗಲವಾಡಿ ಕಡೆಯ ರೈತರಿಗೆ ಇವತ್ತಿಗೂ ಅವರೇ ‘ದನದ ಡಾಕ್ಟ್ರು’. ಆ ಕೆಲಸದಲ್ಲಿ ನಾಚಿಕೊಂಡು ಕೂತರೆ ನಡೆದೀತೆ? ಗುಬ್ಬಿ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಲೇ ಆಚೆ ಸಾಲಿನಲ್ಲಿ ನಿಂತ ರೈತನನ್ನು ಕೂಗುವರು: “ಏನ್ಲಾ, ನಿನ್ ಹೋರಿ ಸರಿಯಾಗಿ ಗಂಜಲ ಹುಯ್ತಾ ಐತಾ?” ಆಮೇಲೆ ಹೋರಿಯ ಅಂಗಾಂಗಗಳ ವರ್ಣನೆ ಒಂದೊಂದಾಗಿ ಬರುತ್ತಿತ್ತು. ಅತ್ತೆ ಅಷ್ಟರೊಳಗೆ ಟೊಮೇಟೊ ರಾಶಿಯ ಕಡೆ ಹೋಗಿ, ಈ ಗಂಡಸು ಯಾರೋ ಏನೋ ಎಂಬಂತೆ ನಿಂತುಬಿಡುತ್ತಿದ್ದರು.

ಅಂಥ ಮಾವ ಒಂದು ದಿನ ತುಮಕೂರಿನಲ್ಲಿದ್ದ ನನಗೆ ಫೋನು ಮಾಡಿ ಪಿಸುಗುಟ್ಟಿದರು. ನಮ್ಮ ಮಾವ ಪಿಸುಗುಟ್ಟಿದ್ದು! ನನಗೆ ಅಲ್ಲೇ ಗಾಬರಿಯಾಯಿತು.

“ಲೋ, ನಿಮ್ ಪಕ್ಕದ್ಮನೇಲಿರೋರು ಮೂತ್ರದ ಡಾಕ್ಟ್ರಲ್ವಾ?”

“ಹೌದು ಮಾವ. ಯಾಕೆ?”

“ಹುತ್ರಿದುರ್ಗದಲ್ಲಿ ಒಬ್ರದ್ದು ಎತ್ತೈತೆ ಕಣ್ಲಾ. ಪಾಪ, ಮುಂದೊಗಲು ಬಿಗ್ದ್ಕೊಂಡದೆ. ಹಿಂದಕ್ಕೆ ಸರಿಯೋದೇ ಇಲ್ಲ. ಗಂಜಲ ಹುಯ್ಯೋವಾಗ ಉರಿ. ಸುಮ್ನೆ ಒಂದ್ಮಾತು ಕೇಳ್ನೋಡು.”

ದನದ ವಿಷಯದಲ್ಲಿ ಮಾವ ನನ್ನ ಸಹಾಯ ಕೇಳುವುದೆ? ಬ್ಯಾಂಕಿನ ಗುಮಾಸ್ತನಾದ ನನಗೆ ಎತ್ತಿಗೂ ಕೋಣಕ್ಕೂ ವ್ಯತ್ಯಾಸ ತಿಳಿದಿರುವುದೇ ದೊಡ್ಡದು.

“ಉರಿ ಅಂತ ಎತ್ತು ಹೇಳ್ತಾ ಮಾವ?”

“ಮೊಖ ನೋಡಿದ್ರೆ ಗೊತ್ತಾಗಲ್ವೇನ್ಲಾ!”

ಸಂಜೆ ಪಕ್ಕದ ಮನೆಗೆ ಹೋಗಿ ಕೇಳಿದಾಗ ಡಾಕ್ಟರು ನಗಲಿಲ್ಲ. “ಎತ್ತಿಗೆ ಶುಗರ್ ಇದೆಯಾ ಕೇಳಿ,” ಎಂದರು. ಮಾವನಿಗೆ ಫೋನು ಮಾಡಿ ಕೇಳಿದೆ.

“ಐತೆ. ಎಂಟು ವರ್ಷದಿಂದ ಮಾತ್ರೆ ತಗೊಳ್ತದೆ.”

“ವಯಸ್ಸೆಷ್ಟು ಮಾವ?”

“ಅರವತ್ತೆರ್...” ಎಂದವರು ಅಲ್ಲಿಗೇ ನಿಂತರು. “ಬುಡ್ಲಾ ಅತ್ಲಾಗೆ, ಸೋಮವಾರ ಬರ್ತೀನಿ. ನಿಮ್ಮತ್ತೆಗೆ ಮಾತ್ರ ಹೇಳ್ಬೇಡ.”

ಸೋಮವಾರ ಬಂದರು. ಡಾಕ್ಟರ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಹುಡುಗಿ “ಏನ್ ತೊಂದ್ರೆ?” ಎಂದಾಗ ಮಾವ ಎದೆಯುಬ್ಬಿಸಿ “ಮೊಣಕಾಲು ನೋವು” ಎಂದುಬಿಟ್ಟರು. “ಇಲ್ಲಿ ಮೊಣಕಾಲು ನೋಡಲ್ಲ ಸಾರ್.” “ನೋಡ್ತಾರೆ, ನೀನ್ ಬರಿಯಮ್ಮ!” ಒಳಗೆ ಡಾಕ್ಟರು ಚೀಟಿ ಓದಿದರು, ನನ್ನ ಮುಖ ನೋಡಿದರು, ಪಂಚೆಯನ್ನು ಮಂಡಿಯವರೆಗೆ ಸರಿಸಿ ಮೊಣಕಾಲನ್ನು ಬಹಳ ಗಂಭೀರವಾಗಿ ಒತ್ತಿ ನೋಡಿದರು. “ಮೊಣಕಾಲು ಚೆನ್ನಾಗಿದೆ. ಇನ್ನು ಸ್ವಲ್ಪ ಮೇಲೆ ನೋಡೋಣವಾ?” ಮಾವ ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದರು. ನಾನು ಪರದೆಯ ಈಚೆಗೆ ಬಂದೆ.

ಪರದೆಯಾಚೆಯಿಂದ ಡಾಕ್ಟರ ದನಿ ಕೇಳಿಸಿತು: “ಇಲ್ಲಿಗೆ ಏನು ಹಚ್ಚಿದ್ದೀರಿ?”

“ಮುಲಾಮು.”

“ಯಾವ ಮುಲಾಮು?”

ಮಾವ ಎರಡು ಸಲ ಕೆಮ್ಮಿದರು. “ಕೆಚ್ಚಲು ಬಾವು ಬಂದಾಗ ಹಚ್ತೀವಲ್ಲ ಸಾರ್, ಅದು. ಹಸೂಗೆ ಚೆನ್ನಾಗಿ ಕೇಳ್ತದೆ.”

ನಾನು ಗೋಡೆಯ ಕಡೆ ತಿರುಗಿ ಕರವಸ್ತ್ರ ಬಾಯಿಗಿಟ್ಟುಕೊಂಡೆ.

ಡಾಕ್ಟರು ಮಾವನನ್ನು ಕೂರಿಸಿ ಸಮಾಧಾನದಿಂದ ತಿಳಿಸಿ ಹೇಳಿದರು. ಸಕ್ಕರೆ ಹಿಡಿತದಲ್ಲಿಲ್ಲದವರಿಗೆ ಇದು ಅಪರೂಪವೇನಲ್ಲ. ಮೂತ್ರದಲ್ಲಿ ಸಕ್ಕರೆ ಹೋಗುತ್ತದೆ, ಮುಂದೊಗಲಿನ ಅಡಿಯಲ್ಲಿ ಮೇಲಿಂದ ಮೇಲೆ ಸೋಂಕಾಗುತ್ತದೆ, ಚರ್ಮ ಸೀಳಿ ಸೀಳಿ ಗಾಯ ಗಟ್ಟಿಯಾಗಿ ಬಿಗಿದುಕೊಳ್ಳುತ್ತದೆ. ಹಾಗೇ ಬಿಟ್ಟರೆ ಮೂತ್ರಕ್ಕೇ ತಡೆಯಾಗಬಹುದು. ವರ್ಷಗಟ್ಟಲೆ ಕಡೆಗಣಿಸಿದರೆ, ಅಪರೂಪಕ್ಕೆ, ಕ್ಯಾನ್ಸರೂ ಆಗಬಹುದು. “ಬಲವಂತವಾಗಿ ಮಾತ್ರ ಎಳೀಬೇಡಿ. ಹಿಂದಕ್ಕೆ ಹೋದದ್ದು ಮುಂದಕ್ಕೆ ಬರದೆ ಸಿಕ್ಕಿಕೊಂಡರೆ ಊದಿಕೊಳ್ಳುತ್ತೆ, ತಕ್ಷಣ ಆಸ್ಪತ್ರೆಗೆ ಓಡಬೇಕಾಗುತ್ತೆ. ಮೊದಲು ಶುಗರ್ ಇಳಿಸೋಣ, ಕ್ರೀಮು ಕೊಡ್ತೀನಿ. ಬಗ್ಗದಿದ್ದರೆ ಚಿಕ್ಕ ಆಪರೇಷನ್. ಇದರಲ್ಲಿ ನಾಚಿಕೆಯೇನೂ ಇಲ್ಲ.”

“ನಾಚ್ಕೆ ಯಾರಿಗೆ ಸಾರ್?” ಎಂದರು ಮಾವ, ಗೋಡೆಯ ಕ್ಯಾಲೆಂಡರನ್ನೇ ನೋಡುತ್ತ.

ಎರಡು ತಿಂಗಳು ಮಾವ ವ್ರತದಂತೆ ಕ್ರೀಮು ಹಚ್ಚಿದರು, ಒಬ್ಬಟ್ಟನ್ನು ಕಣ್ಣೆತ್ತಿಯೂ ನೋಡಲಿಲ್ಲ. ಉರಿ ಕಡಿಮೆಯಾಯಿತು. ಆದರೆ ಹಳೆಯ ಗಾಯದ ಬಿಗಿ ಸಡಿಲಲಿಲ್ಲ. ಮುಂದೊಗಲು ತೆಗೆಯುವ ಆಪರೇಷನ್ನೇ ಸರಿ ಎಂದರು ಡಾಕ್ಟರು.

ಸುದ್ದಿ ತಿಳಿದದ್ದು ಗುಬ್ಬಿಯಲ್ಲಿ ಅಂಗಡಿ ಇಟ್ಟಿರುವ ಅವರ ಗೆಳೆಯ ಸಾಬರಿಗೆ ಮಾತ್ರ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಸಾಬರು ಎರಡು ಮೆತ್ತನೆಯ ಹೊಸ ಲುಂಗಿ ಕಟ್ಟಿಕೊಟ್ಟು, “ಇದಕ್ಯಾಕಯ್ಯ ಹೆದರ್ತೀಯ? ನಮ್ಮನೆ ಗಂಡಸ್ರಿಗೆಲ್ಲಾ ಆಗಿರೋದೇ. ನೀನು ಅರವತ್ತು ವರ್ಷ ಲೇಟು, ಅಷ್ಟೇ!” ಎಂದರಂತೆ. ಮಾವ ಅದನ್ನು ನನಗೆ ಹೇಳಿ ನಕ್ಕರು. ಆ ವರ್ಷದಲ್ಲಿ ಅವರು ಬಾಯ್ತುಂಬ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅತ್ತೆಗೆ ಮಾತ್ರ ಹರ್ನಿಯಾ ಎಂದು ಹೇಳಿದ್ದಾಯಿತು. “ಚಿಕ್ಕ ಆಪರೇಷನ್ನು, ನೀನ್ಯಾಕೆ ಬತ್ತೀಯ? ನಾಕು ದಿನ ಕುಣಿಗಲ್‌ಗೆ ನಿನ್ ತಂಗಿ ಮನೆಗೆ ಹೋಗಿ ಬಾ” ಎಂದು ಬಸ್ಸು ಹತ್ತಿಸಿದರು.

ಮರಗಟ್ಟಿಸುವ ಸೂಜಿ ಕೊಟ್ಟು ಆಪರೇಷನ್ ಮಾಡಿದರು. ಒಂದು ಗಂಟೆಯೂ ಹಿಡಿಯಲಿಲ್ಲ. ಸಂಜೆಗೆ ಮನೆಗೆ ಹೋಗಬಹುದು, ಕೆಲವು ವಾರ ಜೋಪಾನವಾಗಿರಬೇಕು ಎಂದರು. ಮಾವ ಹಾಸಿಗೆಯ ಮೇಲೆ ಲುಂಗಿ ಉಟ್ಟು, ಗೆದ್ದವರಂತೆ ಕಾಫಿ ಕುಡಿಯುತ್ತಿದ್ದರು. ಬಾಗಿಲು ತೆರೆಯಿತು. ಕುಣಿಗಲ್‌ನಲ್ಲಿರಬೇಕಾಗಿದ್ದ ಅತ್ತೆ ಕೈಚೀಲ ಹಿಡಿದು ನಿಂತಿದ್ದರು! ಮಾವ ನನ್ನತ್ತ ಕಣ್ಣು ಬಿಟ್ಟರು. ನನ್ನಾಣೆ, ನಾನು ಹೇಳಿರಲಿಲ್ಲ.

“ಹರ್ನಿಯಾ... ಚೆನ್ನಾಗಾಯ್ತು ಕಣೇ,” ಎಂದರು ಮಾವ.

ಅತ್ತೆ ಚೀಲ ಕೆಳಗಿಟ್ಟರು. ಅದರಲ್ಲಿ ಒಗೆದು ಮಡಿಸಿದ ಹಳೆಯ ಹತ್ತಿ ಪಂಚೆಯ ತುಂಡುಗಳಿದ್ದವು, ಗಾಯಕ್ಕೆ ಒರಟಾಗದಂಥವು.

“ನಿಮ್ಮ ಪಂಚೆ ಒಗಿಯೋಳು ನಾನು. ಕಲೆ ಕಾಣಲ್ವಾ ನಂಗೆ? ನೀವಾಗೇ ಹೇಳ್ಲಿ ಅಂತ ಕಾಯ್ತಾ ಇದ್ದೆ.” ಅತ್ತೆಯ ದನಿ ಸಣ್ಣಗಾಯಿತು. “ಕಲೆ ಕಂಡಿದ್ದು ಮೊನ್ನೆ ಮೊನ್ನೆ. ಅದಕ್ಕೂ ಮುಂಚೆ, ಹೋದ್ವರ್ಷ ನೀವು ಹಾಸಿಗೆ ಎತ್ಕೊಂಡು ಹಾಲ್‌ಗೆ ಹೋದ್ರಲ್ಲ, ಆಗ ಏನೂ ಗೊತ್ತಿರ್ಲಿಲ್ಲ. ಇವ್ರಿಗೆ ನಾನು ಬೇಡವಾದ್ನಾ ಅಂದ್ಕೊಂಡೆ. ಯಾರನ್ನ ಕೇಳ್ಲಿ?”

ಮಾವನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ತಮ್ಮ ನಾಚಿಕೆ ತಮ್ಮೊಬ್ಬರದೇ ಎಂದುಕೊಂಡಿದ್ದರು ಅವರು. ಅದನ್ನು ಪಕ್ಕದ ಕೋಣೆಯಲ್ಲಿ ಇನ್ನೊಬ್ಬರು ಒಂದು ವರ್ಷ ಒಬ್ಬರೇ ಹೊತ್ತಿದ್ದರು ಎಂಬುದು ಆಗಷ್ಟೇ ತಿಳಿಯಿತು.

“ಇಲ್ಲ ಕಣೇ... ಹಂಗಲ್ಲ,” ಎಂದರು.

ಅತ್ತೆ ಲೋಟ ತೆಗೆದಿಟ್ಟು ಮಂಚದ ಅಂಚಿನಲ್ಲಿ ಕುಳಿತರು. “ನೋಯ್ತದಾ?”

“ಇಲ್ಲ.”

ಅತ್ತೆ ಅವರ ಮುಖವನ್ನೇ ನೋಡಿದರು.

“ನೋಯ್ತದೆ ಕಣೇ,” ಎಂದರು ಮಾವ, ಮತ್ತು ಅತ್ತೆಯ ಕೈ ಹಿಡಿದುಕೊಂಡು ಮಗುವಿನಂತೆ ಅತ್ತುಬಿಟ್ಟರು.