ಎಡಗಾಲಿನ ಚಪ್ಪಲಿಯ ಸಾಕ್ಷಿ

ನನ್ನ ನೆನಪಿನ ಶಕ್ತಿಯನ್ನು ಶಾಸ್ತ್ರೀಯವಾಗಿ ಪರೀಕ್ಷಿಸಬೇಕೆಂದು ತೀರ್ಮಾನಿಸಿದಾಗ, ಅದಕ್ಕೆ ಎರಡು ದಿನ, ಒಂದು ಅಯಸ್ಕಾಂತ ಮತ್ತು ಒಬ್ಬಳು ಹೆಂಡತಿ ಸಾಕು ಎಂದುಕೊಂಡಿದ್ದೆ. ಈಗಲೂ ಹೇಳುತ್ತೇನೆ, ಯೋಜನೆಯಲ್ಲಿ ಯಾವ ದೋಷವೂ ಇರಲಿಲ್ಲ!

ನಮ್ಮದು ತಮಿಳುನಾಡಿನ ಕಂಬಂ ಕಣಿವೆ, ಮನೆಮಾತು ಕನ್ನಡ. ನಮ್ಮ ಮನೆತನದಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಹತ್ತಿದವನು ಭೌತಶಾಸ್ತ್ರದ ಜೊತೆಗೆ ಸಂಶಯಪಡುವುದನ್ನೂ ಕಲಿತು ಇಳಿದೆ. ದೇವರಿಂದ ಹಿಡಿದು ಹೆಂಡತಿ ಕಾಫಿಗೆ ಹಾಕುವ ಸಕ್ಕರೆಯವರೆಗೆ ಎಲ್ಲವನ್ನೂ ಸಂಶಯಿಸಿದ್ದೇನೆ. ಸಂಶಯಿಸದೆ ಬಿಟ್ಟದ್ದು ಒಂದನ್ನೇ, ನನ್ನ ತಲೆಯನ್ನು.

ಆ ತಲೆಗೆ ಈಗ ಕೆಲಸ ಬಂದಿತ್ತು. ಹನುಮಂತನಪಟ್ಟಿಯಲ್ಲಿ ನಮ್ಮ ಚಿಕ್ಕಪ್ಪನ ಮಕ್ಕಳಾದ ಚೆನ್ನಪ್ಪ ಮತ್ತು ರಂಗಸಾಮಿಯ ದ್ರಾಕ್ಷಿ ತೋಟಗಳು ಅಕ್ಕಪಕ್ಕ ಇವೆ. ನಡುವೆ ಒಂದು ಬಾವಿ. ಹಳೆಯ ಗಾಡಿದಾರಿ ಆ ಬಾವಿಯ ಮೂಡಲಿಗಿತ್ತೋ ಪಡುವಲಿಗಿತ್ತೋ ಎಂಬುದು ಜಗಳ. ಮೂಡಲು ಎಂದರೆ ಚೆನ್ನಪ್ಪನ ಎರಡು ಸಾಲು ಬಳ್ಳಿ ಹೋಗುತ್ತದೆ. ಪಡುವಲು ಎಂದರೆ ರಂಗಸಾಮಿಯದು. ಅಣ್ಣ ತಮ್ಮಂದಿರು ಮಾತು ಬಿಟ್ಟು ಐದು ವರ್ಷ. ಒಬ್ಬನ ಮನೆಯ ಮದುವೆಗೆ ಇನ್ನೊಬ್ಬ ಹೋಗಿರಲಿಲ್ಲ. ಕೊನೆಗೆ ಇಬ್ಬರೂ ಒಂದು ವಿಷಯಕ್ಕೆ ಒಪ್ಪಿದರು: "ಓದಿದ ಅಣ್ಣ ಹೇಳಿದ್ರೆ ಸರಿ."

ಓದಿದ ಅಣ್ಣ ಎಂದರೆ ನಾನು!

ಆದರೆ ನಮ್ಮಲ್ಲಿ ಗಡಿಯ ಸಾಕ್ಷಿಯನ್ನು ಕುರ್ಚಿಯಲ್ಲಿ ಕೂತು ಹೇಳುವಂತಿಲ್ಲ. ಕುಲದೇವರ ಕೂಟದ ದಿನ, ಅದೇ ತೋಟದ ಮಣ್ಣಿನ ಹೆಂಟೆಯೊಂದನ್ನು ತಲೆಯ ಮೇಲೆ ಹೊತ್ತು, ದಾರಿಯಿದ್ದ ಜಾಗದಲ್ಲಿ ನಡೆದು ತೋರಿಸಬೇಕು. ಸುಳ್ಳು ಸಾಕ್ಷಿಯಾದರೆ ಹೆಂಟೆ ಹೆಜ್ಜೆ ಹೆಜ್ಜೆಗೂ ಭಾರವಾಗುತ್ತದಂತೆ. ಭೌತಶಾಸ್ತ್ರದ ಪ್ರಕಾರ ಇದು ಅಸಾಧ್ಯ. ಆದರೂ ಕೂಟಕ್ಕೆ ಹತ್ತು ದಿನ ಇರುವಾಗಲೇ ನನ್ನ ಕುತ್ತಿಗೆ ನೋಯತೊಡಗಿತು.

"ದಾರಿ ಮೂಡಲಿಗೇ ಇತ್ತು," ಎಂದೆ ಹೆಂಡತಿ ಸರಸುವಿಗೆ. "ಗಾಡಿಯಲ್ಲಿ ಕೂತಿದ್ದೆ, ಬಾವಿ ನನ್ನ ಬಲಗೆನ್ನೆ ಕಡೆ ಇತ್ತು."

"ಹೋಗ್ತಲೋ ಬರ್ತಲೋ?"

ಈ ಪ್ರಶ್ನೆಯನ್ನು ನಾನು ಕೇಳಿಕೊಂಡಿರಲಿಲ್ಲ! ಹೋಗುವಾಗ ಬಲಗೆನ್ನೆಯಾದರೆ ಬರುವಾಗ ಎಡಗೆನ್ನೆ. ಬಾವಿಯೇ ತಿರುಗತೊಡಗಿತು. ಮೊದಲ ಬಾರಿಗೆ ನನ್ನ ನೆನಪಿನ ಮೇಲೆ ನನಗೇ ಸಂಶಯ ಹುಟ್ಟಿತು. ಸಂಶಯ ಬಂದರೆ ಪ್ರಯೋಗ ಮಾಡಬೇಕು. ಇಷ್ಟೇ ಹಳೆಯ ಇನ್ನೊಂದು ನೆನಪನ್ನು ತೆಗೆದು, ಸ್ಥಳಕ್ಕೇ ಹೋಗಿ ತಾಳೆ ನೋಡುವುದು. ಅದು ನಿಜವಾದರೆ ದಾರಿಯೂ ನಿಜ.

ಆರಿಸಿದ್ದು ನನ್ನ ಅತ್ಯಂತ ಗಟ್ಟಿ ನೆನಪು. ಕಾಲೇಜಿನಲ್ಲಿದ್ದಾಗ ಕನ್ಯಾಕುಮಾರಿ ಕಡೆಯ ಒಂದು ಕಡಲೂರಿಗೆ ಅಧ್ಯಯನ ಪ್ರವಾಸ ಹೋಗಿದ್ದೆವು. ಕರಿ ಮರಳಿನಿಂದ ಖನಿಜ ತೆಗೆಯುವ, ಬಿಳಿಯರ ಕಾಲದಿಂದ ಅದೇ ಕಸುಬಾಗಿರುವ ಊರು. (ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿನ ಒಬ್ಬ ಕಾವಲುಗಾರನಿಗೆ ಮಾತು ಕೊಟ್ಟಿದ್ದೇನೆ.) ದಾರದ ತುದಿಗೆ ಅಯಸ್ಕಾಂತ ಕಟ್ಟಿ ಮರಳಿನಲ್ಲಿ ಎಳೆದದ್ದು, ಅದಕ್ಕೆ ಕರಡಿಯ ಹಾಗೆ ಕರಿಕೂದಲು ಬಂದದ್ದು, ಬಂಡೆಯ ಮೇಲೆ ನಿಂತಾಗ ಅಲೆ ಬಂದು ಎಡಗಾಲಿನ ಚಪ್ಪಲಿ ಕಿತ್ತುಕೊಂಡು ಹೋದದ್ದು, ಒಂಟಿ ಚಪ್ಪಲಿಯಲ್ಲಿ ಊರಿಗೆ ಬಂದದ್ದು! ಮೇಷ್ಟ್ರಾಗಿ ಇದನ್ನು ಮೂವತ್ತು ವರ್ಷ ಎಷ್ಟು ತರಗತಿಗಳಿಗೆ ಹೇಳಿಲ್ಲ!

"ಅಣ್ಣನೂ ನಿಮ್ ಕಾಲೇಜೇ ತಾನೆ? ಒಂದು ಫೋನ್ ಹಾಕಿ ಕೇಳುಂಗ," ಎಂದಳು ಸರಸು. ಅವಳ ಅಣ್ಣ ಗೋಪಾಲ ನನ್ನ ಸಹಪಾಠಿ. ಈಗ ಚಿನ್ನಾಳಪಟ್ಟಿಯಲ್ಲಿ ಸೀರೆ ವ್ಯಾಪಾರ.

"ಅದು ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ನೋಡಿದ ಹಾಗೆ," ಎಂದೆ ಗಂಭೀರವಾಗಿ.

ಅವಳು ನನ್ನನ್ನು ಒಂದು ಕ್ಷಣ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು, "ಸರಿ, ನಾನೂ ಬರ್ತೀನಿ," ಎಂದು ಮುಚ್ಚಿದಳು. ಈ ಮುಚ್ಚಿದ ಬಾಯಿಯನ್ನು ನಾನು ಗಮನಿಸಬೇಕಿತ್ತು.

ನೆನಪಿದ್ದ ಐದು ಅಂಶಗಳನ್ನು (ದೀಪಸ್ತಂಭ, ಮೆಟ್ಟಿಲು ಕಡಿದ ಬಂಡೆ, ಎಡಗಾಲಿನ ಚಪ್ಪಲಿ, ಕರಿಮರಳು, ಅಯಸ್ಕಾಂತದ ಕರಡಿಕೂದಲು) ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ, ಅಂಟಿಸಿ, ಸರಸುವಿನ ಕೈಗೆ ಕೊಟ್ಟೆ. ಆಮೇಲೆ ನಾನೇ ತಿದ್ದಬಾರದಲ್ಲ! ಅವಳು ಅದನ್ನು ಪುಳಿಯೋಗರೆಯ ಡಬ್ಬಿಯ ಕೆಳಗಿಟ್ಟಳು. ಬಸ್ಸು ತಿರುನೆಲ್ವೇಲಿ ದಾಟುವ ಹೊತ್ತಿಗೆ ಎಣ್ಣೆ ಇಳಿದು ಲಕೋಟೆ ತಾನಾಗಿ ಪಾರದರ್ಶಕವಾಯಿತು.

ಮೊದಲನೆಯ ಅಂಶ, ದೀಪಸ್ತಂಭ. ಬಸ್ಸಿಳಿದ ಕೂಡಲೇ ಕಂಡಿತು! ಕೆಂಪು ಬಿಳಿ ಪಟ್ಟೆ, ಆಕಾಶದೆತ್ತರ.

"ನೋಡಿದೆಯಾ? ಐದಕ್ಕೆ ಒಂದು!"

ಸರಸು ಚಹಾದಂಗಡಿಯ ಮುದುಕಿಯನ್ನು ವಿಚಾರಿಸಿದಳು. ಮುದುಕಿ ನಕ್ಕಳು. ಅದು ದೀಪಸ್ತಂಭ ಅಲ್ಲ, ಮೊಬೈಲ್ ಟವರ್. ತನ್ನ ಮೊಮ್ಮಗಳು ಹುಟ್ಟಿದ ವರ್ಷ ನಿಲ್ಲಿಸಿದ್ದು.

ನಾನು ಎದೆಗುಂದಲಿಲ್ಲ. ಒಂದು ತಪ್ಪಿದ ಮಾತ್ರಕ್ಕೆ ಸಿದ್ಧಾಂತ ಬೀಳುವುದಿಲ್ಲ.

ಎರಡನೆಯದು, ಮೆಟ್ಟಿಲು ಕಡಿದ ಬಂಡೆ. ಊರಾಚೆ ಕೆಂಪು ಮಣ್ಣಿನ ದಿಬ್ಬ ಕಡಲಿಗೆ ಒಮ್ಮೆಲೇ ಕಡಿದು ಬಿದ್ದಂತೆ ನಿಂತಿತ್ತು. ಕೆಳಗೆ ಕರಿಬಂಡೆಗಳು, ಅವುಗಳ ಮೇಲೆ ಹಾರಿ ಒಡೆಯುವ ಅಲೆ. ತಾಳೆಮರಗಳು ಗಾಳಿಗೆ ಒಂದೇ ಕಡೆ ಬಾಗಿ, ಯಾರನ್ನೋ ಬೈಯುತ್ತಿರುವಂತೆ ಸದ್ದು ಮಾಡುತ್ತಿದ್ದವು. ಬೆಟ್ಟಗಳ ನಡುವೆ ಬೆಳೆದ ನಮಗೆ ಅಡ್ಡವಿಲ್ಲದ ಅಷ್ಟು ದೊಡ್ಡ ಬಯಲು ಕಂಡರೆ ಸ್ವಲ್ಪ ತಲೆ ಸುತ್ತುತ್ತದೆ. ಸರಸು ಸೆರಗು ಬಿಗಿದುಕೊಂಡು, ಬಾಯಿ ತೆರೆದು ನೋಡುತ್ತಾ ನಿಂತಳು.

ಮೆಟ್ಟಿಲು ಇರಲಿಲ್ಲ. "ಸವೆದಿರಬೇಕು," ಎಂದೆ.

"ಕಲ್ಲು ಸವೆಯೋಷ್ಟು ವಯಸ್ಸಾಯ್ತಾ ನಿಮಗೆ?"

ಹತ್ತಿಯೇ ತೋರಿಸುತ್ತೇನೆಂದು ಪಂಚೆ ಮೇಲೆ ಕಟ್ಟಿದೆ. ನಾಲ್ಕು ಕೈಕಾಲುಗಳಲ್ಲಿ ಅರ್ಧ ಬಂಡೆ ಏರಿದೆ. ನಿಂತು, ತಿರುಗಿ, ವಿಜಯದ ಕೈ ಎತ್ತಿದೆ. ಅಲೆ ಬಂತು! ಸೊಂಟದವರೆಗೆ ಒದ್ದೆ. ಕನ್ನಡಕ ಮೂಗಿನ ತುದಿಗೆ. ನಾನು ಬಂಡೆಯನ್ನು ಹಲ್ಲಿಯಂತೆ ಅಪ್ಪಿಕೊಂಡು ಕಣ್ಣು ಬಿಟ್ಟು ನೋಡಿದರೆ, ಎಡಗಾಲಿನ ಚಪ್ಪಲಿ ನೊರೆಯ ಮೇಲೆ ಕುಣಿಯುತ್ತಾ ಲಂಕೆಯ ಕಡೆಗೆ ಹೊರಟಿತ್ತು.

"ಸರಸೂ! ಎಡಗಾಲಿಂದೇ! ಸಾಬೀತಾಯ್ತು!" ಎಂದು ಕೂಗಿದೆ.

ಕೆಳಗಿಂದ ಅವಳು ಕೂಗಿದಳು: "ಇವತ್ತು ಹೋದದ್ದು ಸಾಬೀತಾಯ್ತು! ಆವತ್ತಿಂದು ಹೆಂಗೆ ಆಗ್ತದೆ?"

ಇಂಥ ತರ್ಕವನ್ನು ನಾನು ಯಾವ ವಿದ್ಯಾರ್ಥಿಯಿಂದಲೂ ಕೇಳಿರಲಿಲ್ಲ.

ಉಳಿದದ್ದು ಅಯಸ್ಕಾಂತ. ಹಳೆಯ ಸ್ಪೀಕರಿನಿಂದ ಬಿಚ್ಚಿ ತಂದಿದ್ದೆ. ಒಂಟಿ ಚಪ್ಪಲಿಯಲ್ಲಿ, ನೀರು ಸುರಿಸುತ್ತಾ, ಕರಿಮರಳು ಹುಡುಕಿಕೊಂಡು ನಡೆದೆ. ದಂಡೆಯಲ್ಲಿ ಎಲ್ಲೆಡೆ ಮರಳು ನಸುಗೆಂಪು. ಬೇಲಿಯೊಂದರ ಆಚೆ ಮಾತ್ರ ಮಸಿಯಷ್ಟು ಕಪ್ಪು, ರಾಶಿ ರಾಶಿ. ಬೇಲಿಯ ಮೇಲಿದ್ದ ಫಲಕವನ್ನು ಓದಲಿಲ್ಲ, ಕನ್ನಡಕಕ್ಕೆ ಉಪ್ಪು ಹತ್ತಿತ್ತು. ತಂತಿಯ ಕೆಳಗೆ ತೂರಿದೆ. ದಾರ ಕಟ್ಟಿ ಎಳೆದೆ. ಅಹಾ! ಅಯಸ್ಕಾಂತಕ್ಕೆ ಕರಡಿಕೂದಲು! ಸಂತೋಷ ತಡೆಯಲಾರದೆ ಎರಡು ಹಿಡಿ ಕರವಸ್ತ್ರಕ್ಕೂ ಕಟ್ಟಿಕೊಂಡೆ.

ಹಿಂದಿನಿಂದ ಸೀಟಿ ಕೇಳಿಸಿತು. ಕಾವಲುಗಾರ. ಇಲ್ಲೇನು ಮಾಡುತ್ತಿದ್ದೀರಿ, ಈ ಮರಳನ್ನು ಹೊರಗೆ ಒಯ್ಯುವುದು ಅಪರಾಧ ಎಂದು ತಮಿಳಿನಲ್ಲಿ ಗದರಿಸಿದ.

ಇಲ್ಲಿ ನಾನು ನಮ್ಮವರೆಲ್ಲ ತಲೆತಲಾಂತರದಿಂದ ಮಾಡುತ್ತಾ ಬಂದ ತಪ್ಪನ್ನು ಮಾಡಿದೆ. ಪರವೂರಿಗೆ ಹೋದರೆ, ಎದುರಿನವರಿಗೆ ತಿಳಿಯಬಾರದ್ದನ್ನು ನಾವು ಮನೆಮಾತಿನಲ್ಲಿ ಆಡಿಕೊಳ್ಳುತ್ತೇವೆ. ಕಡಲದಂಡೆಯಲ್ಲಿ ನಮ್ಮ ಕನ್ನಡ ಯಾರಿಗೆ ಅರ್ಥವಾದೀತು? ಮುಖದಲ್ಲಿ ವಿನಯ ತುಂಬಿಕೊಂಡು, ಬೇಲಿಯಾಚೆಯಿದ್ದ ಸರಸುವಿಗೆ ಹೇಳಿದೆ: "ಈ ಮೀಸೆ ನೋಡೇ, ತೆಂಗಿನ ನಾರು ಅಂಟಿಸಿದ ಹಂಗೆ! ಇವನಿಗೆ ಏನ್ ತಿಳೀತದೆ? ನಾ ಮಾತಾಡ್ತಾ ಇರ್ತೀನಿ, ನೀ ಕರ್ಚೀಪು ಇಸ್ಕೊಂಡು ಪುಳಿಯೋಗರೆ ಡಬ್ಬಿಗೆ ಸುರಿದುಬಿಡು."

ಕಾವಲುಗಾರ ಮೀಸೆ ತೀಡಿಕೊಂಡ.

"ಮೊದ್ಲು ಕರ್ಚೀಪು ಬಿಚ್ಚುಂಗ ಸಾರ್," ಎಂದ. "ನಾರಿನ ಇಚಾರ ಆಮ್ಯಾಕೆ ಮಾತಾಡಾನ."

ನಮ್ಮ ಕಣಿವೆ ಕಡೆಯ ಬೋಡಿ ಪಕ್ಕದವನು! ನಮ್ಮ ಭಾಷೆ, ನಮ್ಮ ರಾಗ! ಬೇಲಿಯಾಚೆ ಸರಸು ಕಡಲಿನ ಕಡೆ ತಿರುಗಿದಳು. ಅವಳ ಭುಜ ಕುಲುಕುತ್ತಿತ್ತು.

"ಎಪ್ಪಾ, ನಾನು ಕಳ್ಳ ಅಲ್ಲ. ಮೇಷ್ಟ್ರು," ಎಂದೆ.

"ಕಾಣ್ತದೆ. ಕಳ್ಳ ಆಗಿದ್ರೆ ಎರಡೂ ಕಾಲಿಗೆ ಚಪ್ಪಲಿ ಇರ್ತಿತ್ತು."

ಕರವಸ್ತ್ರ ಕೊಡವಿಸಿದ. ಮಡಿಲು, ಜೇಬು, ಕಿವಿಯ ಹಿಂಭಾಗ ಕೂಡ! ಆದರೆ ಅಯಸ್ಕಾಂತದ್ದೇ ಸಂಕಟ. ಅದಕ್ಕಂಟಿದ ಮರಳು ಕೊಡವಿದರೆ ಬೀಳದು, ಒರೆಸಿದರೆ ಈಚೆಯಿಂದ ಆಚೆ ಸರಿಯುತ್ತದೆ. "ಒಂದು ಕಾಳೂ ಆಚೆ ಹೋಗ್ಬಾರ್ದು ಸಾರ್. ನಮ್ಮೂರೋರು ಅಂತ ಬರ್ದು ಕೊಡಿ ಅನ್ನಲ್ಲ, ಬಿಡಿಸಿಬಿಟ್ಟು ಹೊರಡುಂಗ. ನಿಮ್ಮಿಂದ ನನ್ ಕೆಲಸ ಹೋಗ್ಬಾರ್ದು, ಯಾರ್ ಹತ್ರನೂ ಊರ್ ಹೆಸ್ರು ಹೇಳ್ಬಾರ್ದು," ಎಂದು ಸ್ಟೂಲು ಹಾಕಿಕೊಟ್ಟ. ಮೂವತ್ತು ವರ್ಷ ಕಾಂತಕ್ಷೇತ್ರದ ಪಾಠ ಹೇಳಿದ ನಾನು, ಅಯಸ್ಕಾಂತದಿಂದ ಒಂದೊಂದೇ ಕಾಳು ಚಿವುಟುತ್ತಾ ಕೂತೆ.

ಸರಸು ಬಂದು ಪಕ್ಕದಲ್ಲಿ ಕೂತಳು. ಕಾವಲುಗಾರನಿಗೂ ಪುಳಿಯೋಗರೆ ಹಾಕಿಕೊಟ್ಟಳು.

"ಏನೇ ಆಗಲಿ," ಎಂದೆ ಛಲ ಬಿಡದೆ. "ಕರಿಮರಳು ಇದೆ, ಕರಡಿಕೂದಲು ಬಂತು. ನಾನು ಇಲ್ಲಿಗೆ ಬಂದಿದ್ದೆ."

ಸರಸು ಫೋನ್ ತೆಗೆದು, ಸ್ಪೀಕರಿಗೆ ಹಾಕಿ, ಅಣ್ಣನಿಗೆ ಕರೆ ಮಾಡಿದಳು.

"ಅಣ್ಣಾ, ಕಾಲೇಜಿಂದ ಕಡಲಿಗೆ ಹೋಗಿದ್ರಲ್ಲ, ಅವಾಗ ಚಪ್ಪಲಿ ಹೋದದ್ದು ಯಾರ್ದು?"

ಗೋಪಾಲನ ದನಿ ಗುಡುಗಿತು: "ನಂದೇ! ಅಮ್ಮನ ಕೈಲಿ ಪೊರಕೆ ಏಟು ತಿಂದಿಲ್ವಾ! ಯಾಕೆ?"

"ಇವ್ರು ಬಂದಿದ್ರಾ?"

"ಮಾಪ್ಳೆಯಾ? ಅವ್ನಿಗೆ ಅವಾಗ ಅಮ್ಮೆ ಹಾಕಿತ್ತು, ಮೈಯೆಲ್ಲಾ ಗುಳ್ಳೆ. ಬೇವಿನ ಸೊಪ್ಪಿನ ಮ್ಯಾಲೆ ಮಲಗಿದ್ದ. ನಾನೇ ಕಾಗದದಲ್ಲಿ ಕರಿಮರಳು ಕಟ್ಟಿ ತಂದು ಕೊಟ್ಟು, ಕಿಟಕಿ ಆಚೆ ನಿಂತು ಎಲ್ಲಾ ಹೇಳಿದ್ದೆ. ಪಾಪ, ಕಣ್ಣು ಮಿಟುಕಿಸದೆ ಕೇಳ್ತಿದ್ದ."

ಕಡಲು ಒಮ್ಮೆ ಭೋರ್ಗರೆಯಿತು. ಬೇವಿನ ಸೊಪ್ಪಿನ ಕಹಿವಾಸನೆ ಮೂಗಿಗೆ ಬಡಿದ ಹಾಗಾಯಿತು. ಅದು ಮಾತ್ರ ನಿಜವಾದ ನೆನಪು.

"ನಿನಗೆ ಗೊತ್ತಿತ್ತಾ?" ಎಂದೆ.

"ಆ ಬಲಗಾಲ ಚಪ್ಪಲಿ ನಮ್ ಹಟ್ಟೀಲಿ ಎಷ್ಟೋ ವರ್ಷ ಇತ್ತು. ನಾನೇ ಅದರಲ್ಲಿ ಚೇಳು ಹೊಡ್ದಿದೀನಿ."

"ಮೂವತ್ತು ವರ್ಷ ಯಾಕೆ ಹೇಳಲಿಲ್ಲ?"

"ಅಣ್ಣನಿಗಿಂತ ನೀವೇ ಚೆಂದ ಹೇಳ್ತಿದ್ರಿ."

"ಹೊರಡುವಾಗಲಾದರೂ ಹೇಳಬಹುದಿತ್ತು!"

"ಹೇಳಿದ್ರೆ ಕರ್ಕೊಂಡು ಬರ್ತಿದ್ರಾ? ನಾನು ಕಡಲು ನೋಡಿದ್ದು ಇದೇ ಮೊದಲು," ಎಂದಳು. ಕಾವಲುಗಾರ ಬೆರಳು ನೆಕ್ಕುತ್ತಾ, "ಆ ಮೂಲೇಲಿ ಇನ್ನೂ ನಾಲ್ಕು ಕಾಳು ಇದೆ ಸಾರ್," ಎಂದ.

ಕೂಟದ ದಿನ ಬಂತು. ಬಾವಿಯ ಕಟ್ಟೆಯ ಮೇಲೆ ಹೆಂಟೆ ಸಿದ್ಧವಾಗಿತ್ತು. ಆ ಕಡೆ ಚೆನ್ನಪ್ಪ, ಈ ಕಡೆ ರಂಗಸಾಮಿ, ನಡುವೆ ತೊಂಬತ್ತು ದಾಟಿದ ದೊಡ್ಡಪ್ಪ. ಇಬ್ಬರ ಹೆಂಡಿರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮೂಡಲು ಎಂದಿದ್ದರೆ ಆ ಕ್ಷಣಕ್ಕೆ ಎಲ್ಲರೂ ನಂಬುತ್ತಿದ್ದರು. ನಾನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಅಂತಿಮ ವರದಿ ಮಂಡಿಸಿದೆ:

"ನನಗೆ ನೆನಪಿಲ್ಲ."

ಗದ್ದಲವಾಯಿತು. "ಕಾಲೇಜು ಓದಿ ಇದಾ?" ಎಂದ ಚೆನ್ನಪ್ಪ. ಬಿಡಿಸಿ ಹೇಳಬೇಕಾಯಿತು. ಮೊಬೈಲ್ ಟವರ್, ಬಂಡೆ, ಚಪ್ಪಲಿ, ಮೀಸೆ, ಕಾಳು ಚಿವುಟಿದ್ದು, ಎಲ್ಲವನ್ನೂ. ಕಾವಲುಗಾರ ಕಿವಿಯ ಹಿಂದೆ ತಡಕಿದ ಜಾಗಕ್ಕೆ ಬಂದಾಗ ರಂಗಸಾಮಿ ಕೆಮ್ಮಿದ. ಅಮ್ಮೆಯ ವಿಷಯಕ್ಕೆ ಬಂದಾಗ ಚೆನ್ನಪ್ಪ ಹೊಟ್ಟೆ ಹಿಡಿದುಕೊಂಡ. "ಎಲಾ ತಂಬಿ, ಐದು ವರ್ಷ ಮಾತು ಬಿಟ್ಟು ಕಡೆಗೆ ಈ ಅಣ್ಣನ ತಲೆ ನಂಬಿದ್ವಲ್ಲೋ!" ಎಂದು ಅವನು, "ಅದೂ ಬೇರೆಯೋರ ಚಪ್ಪಲಿ ಅಣ್ಣ!" ಎಂದು ಇವನು, ಒಬ್ಬರ ಹೆಗಲಿಗೊಬ್ಬರು ಒರಗಿ ನಕ್ಕರು. ದೊಡ್ಡಪ್ಪ ಆ ನಗು ಆರುವ ಮೊದಲೇ ಕೋಲು ಕುಟ್ಟಿ, ಆ ಕಡೆ ಒಂದು ಸಾಲು, ಈ ಕಡೆ ಒಂದು ಸಾಲು ಬಿಡಿಸಿ, ಹೊಸ ದಾರಿಯನ್ನೇ ಗೊತ್ತುಮಾಡಿದರು.

ಹೊಸ ದಾರಿಗೂ ಯಾರಾದರೂ ಮಣ್ಣು ಹೊತ್ತು ನಡೆಯಲೇಬೇಕು. ಆ ಗೌರವ ನನ್ನದಾಯಿತು. ಹೆಂಟೆಯನ್ನು ತಲೆಯ ಮೇಲಿಟ್ಟುಕೊಂಡು, ಹಿಂದೆ ಮನೆತನವೆಲ್ಲ ಬರುತ್ತಿರಲು, ಬಿಸಿಲಿನಲ್ಲಿ ತಲೆಯೆತ್ತಿ ನಡೆದೆ. ಒಂದು ಹೆಜ್ಜೆಗೂ ಅದು ಭಾರವಾಗಲಿಲ್ಲ! ಆ ಹಗುರ ನನ್ನ ನೆತ್ತಿಗೆ ಇಂದಿಗೂ ನೆನಪಿದೆ.

ಇಲ್ಲಿಗೆ ಮುಗಿಸಿ, ಓದಲೆಂದು ಸರಸುವಿಗೆ ಕೊಟ್ಟೆ. ಕೊನೆಯವರೆಗೂ ನಗುತ್ತಾ ಓದಿದಳು.

"ಎಲ್ಲಾ ಸರಿಯಾಗೇ ಬರ್ದಿದೀರ," ಎಂದಳು ಹಾಳೆ ಮಡಿಸುತ್ತಾ. "ಆದ್ರೆ ಮಣ್ಣು ಹೊತ್ತದ್ದು ದೊಡ್ಡಪ್ಪ. ನೀವು ಅವ್ರಿಗೆ ಕೊಡೆ ಹಿಡ್ಕೊಂಡಿದ್ರಿ."