ಭೂವಿಜ್ಞಾನ ವಿಭಾಗದ ಕೇರಂ ತಂಡ

ಇಂಥದ್ದೆಲ್ಲ ನಮಗೇ ಯಾಕಾಗುತ್ತದೆ ಎಂದು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ನಮ್ಮ ವಿಶ್ವವಿದ್ಯಾಲಯದಲ್ಲಿ ವಾರಕ್ಕೊಂದಾದರೂ ಆಗುತ್ತದೆ. ಆಗಲಿಲ್ಲವೆಂದರೆ ಆ ವಾರ ರಜೆ ಇತ್ತೆಂದು ಅರ್ಥ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವಾಗ ಹೆದ್ದಾರಿ ಬಿಟ್ಟು ಸ್ವಲ್ಪ ಒಳಗಿರುವ ಖಾಸಗಿ ವಿಶ್ವವಿದ್ಯಾಲಯ ಅದು. ಹೆಸರು ಹೇಳುವುದಿಲ್ಲ, ಸಂಬಳ ಇನ್ನೂ ಅಲ್ಲಿಂದಲೇ ಬರುತ್ತಿದೆ. ನಾನು ಅಲ್ಲಿ ಭೂವಿಜ್ಞಾನ, ಅಂದರೆ ಕಲ್ಲು ಮಣ್ಣಿನ ಪಾಠ ಹೇಳುವವಳು. ಶಿವಮೊಗ್ಗದ ಗೋಪಾಳ ಬಡಾವಣೆಯಿಂದ ದಿನಾ ಬಸ್ಸಿನಲ್ಲಿ ಹೋಗುತ್ತೇನೆ. ಮೊದಲೆಲ್ಲ ಕಂಡಕ್ಟರ್ ನಮ್ಮ ಸ್ಟಾಪಿನಲ್ಲಿ "ಯೂನಿವರ್ಸಿಟಿ ಇಳಿಯೋರು" ಅನ್ನುತ್ತಿದ್ದ. ಈಗ "ಸ್ಟೇಡಿಯಂ ಇಳಿಯೋರು" ಅನ್ನುತ್ತಾನೆ. ಅವನದೇನೂ ತಪ್ಪಿಲ್ಲ, ರಸ್ತೆಯಿಂದ ಕಾಣುವುದು ಅದೊಂದೇ.

ನಮ್ಮ ವಿಭಾಗದಲ್ಲಿ ಉಳಿದಿದ್ದವರು ಒಂಬತ್ತು ಮಕ್ಕಳು. ಹೊಸಬರು ಸೇರದಿದ್ದರೆ ವಿಭಾಗ ಮುಚ್ಚುತ್ತೇವೆ ಎಂದು ಮೇಲಿನವರು ಹೇಳಿಯಾಗಿತ್ತು. ಸೇರಲು ಬಂದವರು ನಮ್ಮ ಕೋಣೆಯನ್ನೊಮ್ಮೆ ತಲೆಯೆತ್ತಿ ನೋಡಿ ನೇರ ಕಾಮರ್ಸ್ ಕಡೆ ನಡೆಯುತ್ತಿದ್ದರು. ಹಾಗಾಗಿ ನಾನು ಕೇಳಿದ್ದು ಒಂದೇ, ಕೂತು ಪಾಠ ಮಾಡಲು ಒಂದು ಕೋಣೆ.

ಹೆಲ್ಮೆಟ್

ನಮ್ಮ ಕೋಣೆಯ ಚಾವಣಿಯಿಂದ ಗಾರೆಯ ಚಕ್ಕೆ ಬೀಳುತ್ತಿತ್ತು. ಒಂದು ದಿನ ಮುಂದಿನ ಬೆಂಚಿನ ಹುಡುಗಿಯ ನೋಟ್ಸಿನ ಮೇಲೆ ತಟ್ಟೆಯಗಲದ ಚಕ್ಕೆ ಬಿತ್ತು. ಮಾರನೆಯ ದಿನ ಭದ್ರಾವತಿಯಿಂದ ಬೈಕಿನಲ್ಲಿ ಬರುವವರು ಹೆಲ್ಮೆಟ್ ತೆಗೆಯದೆಯೇ ಪಾಠಕ್ಕೆ ಕೂತರು. ಬಸ್ಸಿನಲ್ಲಿ ಬರುವವರು ಅವರಿವರದ್ದು ಎರವಲು ತಂದರು. ಬೈಯೋಣವೆಂದುಕೊಂಡೆ, ಆದರೆ ಯಾವ ಬಾಯಿಂದ ಬೈಯಲಿ? ನಾನೂ ಬಾಗಿಲ ಚೌಕಟ್ಟಿನ ಕೆಳಗೆ ನಿಂತೇ ಪಾಠ ಮಾಡುತ್ತಿದ್ದೆ.

ಅದೇ ಹೊತ್ತಿಗೆ ವಿಶ್ವವಿದ್ಯಾಲಯದ ಫೋಟೋಗ್ರಾಫರ್ ಬಂದ. ಹೆಲ್ಮೆಟ್ ಹಾಕಿದ ಒಂಬತ್ತು ತಲೆಗಳನ್ನು ನೋಡಿ ಅವನಿಗೆ ಬಹಳ ಖುಷಿಯಾಯಿತು. ಫೋಟೋ ಅಚ್ಚಾಗಿ ಬರಲಿ, ಎಲ್ಲರೂ ನೋಡಲಿ, ಆಗಲಾದರೂ ಯಾರಿಗಾದರೂ ನಾಚಿಕೆಯಾಗಲಿ ಎಂದು ನಾನೂ ಸುಮ್ಮನಿದ್ದೆ. ಆ ವರ್ಷದ ಬ್ರೋಷರಿನಲ್ಲಿ ಫೋಟೋ ಅರ್ಧ ಪುಟ ಬಂತು. ಕೆಳಗೆ ಬರೆದಿದ್ದರು: "ಗಣಿ ಸುರಕ್ಷತೆಯ ನೇರ ತರಬೇತಿ."

ಕನ್ನಡಿಯ ಮೇಲೆ ಪಾಠ

ಕೊನೆಗೂ ಕೋಣೆ ಅಪಾಯಕಾರಿ ಎಂದು ಒಪ್ಪಿಕೊಂಡು ನಮ್ಮನ್ನು ಹೊಸ ಸ್ಟೇಡಿಯಂ ಗ್ಯಾಲರಿಯ ಕೆಳಗಿನ ಡ್ರೆಸ್ಸಿಂಗ್ ರೂಮಿಗೆ ಕಳಿಸಿದರು. ತಾತ್ಕಾಲಿಕ ಎಂದರು. ನೆಲಕ್ಕೆ ಗ್ರಾನೈಟ್, ತಲೆ ಮೇಲೆ ಎ.ಸಿ., ನಲ್ಲಿ ತಿರುಗಿಸಿದರೆ ಬಿಸಿನೀರು. ನಮ್ಮ ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಮದುವೆ ಮನೆಗೆ ಕರೆಯದೆ ಬಂದವರ ಹಾಗೆ ಗೋಡೆಗೆ ಒತ್ತಿ ನಿಂತರು.

ಅಲ್ಲಿ ಎಲ್ಲವೂ ಇತ್ತು, ಬೋರ್ಡೊಂದು ಇರಲಿಲ್ಲ. ಗೋಡೆ ತುಂಬ ಕನ್ನಡಿ. ಸರಿ, ಮಾರ್ಕರ್ ಹಿಡಿದು ಅದರ ಮೇಲೆಯೇ ಬರೆಯತೊಡಗಿದೆ. ಎರಡು ವಾರ ಯಾರೂ ತೂಕಡಿಸಲಿಲ್ಲ. ಅಷ್ಟು ಗಮನವಿಟ್ಟು ಕೇಳುವ ತರಗತಿ ನನಗೆ ಸಿಕ್ಕಿಯೇ ಇರಲಿಲ್ಲ. ಪಾಠ ಇಷ್ಟವಾಗುತ್ತಿದೆಯಾ ಎಂದು ಹಿಂದಿನ ಸಾಲಿನ ಹುಡುಗನನ್ನು ಕೇಳಿದೆ. "ಇಲ್ಲ ಮೇಡಂ," ಅಂದ, "ಪಾಠ ಕೇಳೋವಾಗ ನನ್ನ ಮುಖ ಹೆಂಗಿರುತ್ತೆ ಅಂತ ಇದೇ ಮೊದಲ ಸಲ ನೋಡ್ತಿರೋದು. ನೀವು ಇಷ್ಟು ವರ್ಷ ಹೆಂಗೆ ತಡ್ಕೊಂಡ್ರಿ?"

ಚೀಟಿಗಳು ಭದ್ರ

ಇದನ್ನು ನಗುತ್ತಾ ಹೇಳಲು ನನಗೆ ಬಹಳ ದಿನ ಬೇಕಾಯಿತು.

ನಮ್ಮ ವಿಭಾಗದ ಆಸ್ತಿಯೆಂದರೆ ಕಲ್ಲುಗಳು. ನನ್ನ ಗುರುಗಳು ಆರಂಭಿಸಿ, ನಾನು ಮುಂದುವರಿಸಿ, ಘಟ್ಟದ ಮೇಲಿಂದ, ಗಣಿಗಳಿಂದ, ಹೊಳೆದಂಡೆಯಿಂದ ಚೀಲದಲ್ಲಿ ಹೊತ್ತು ತಂದ ಮಾದರಿಗಳು. ಬಸ್ಸಿನಲ್ಲಿ ಅವಕ್ಕೆ ಲಗೇಜು ಟಿಕೆಟ್ಟನ್ನೂ ಕೊಂಡಿದ್ದೇನೆ. ಪ್ರತಿಯೊಂದಕ್ಕೂ ಊರು, ಹೆಸರು ಬರೆದು ಚೀಟಿ ಅಂಟಿಸಿದ್ದೆವು. ಡ್ರೆಸ್ಸಿಂಗ್ ರೂಮಿನಲ್ಲಿ ಕಲ್ಲು ಇಡಬಾರದು, ಗ್ರಾನೈಟಿಗೆ ಗೀರು ಬೀಳುತ್ತದೆ ಎಂದರು. ಪೆಟ್ಟಿಗೆಗಳನ್ನೆಲ್ಲ ಗ್ಯಾಲರಿಯ ಹಿಂದೆ ಇಡಿಸಿದೆ.

ಒಂದು ಸೋಮವಾರ ಬಂದು ನೋಡುತ್ತೇನೆ, ಪೆಟ್ಟಿಗೆಗಳು ಖಾಲಿ. ಓಟದ ಟ್ರ್ಯಾಕ್ ಹಾಕುತ್ತಿದ್ದ ಭದ್ರಾವತಿಯ ಮೇಸ್ತ್ರಿಯನ್ನು ಕೇಳಿದೆ. ತಿರುವಿನ ಹತ್ತಿರ ನೆಲ ಕುಸಿಯುತ್ತಿತ್ತಂತೆ, ತುಂಬಲು ಗಟ್ಟಿ ಕಲ್ಲು ಬೇಕಿತ್ತಂತೆ, ಹಿಂದೆ ಬಿದ್ದಿರುವುದನ್ನು ಹಾಕಿ ಎಂದು ಆಫೀಸಿನವರೇ ಹೇಳಿದರಂತೆ. ಮೇಲೆ ರೋಲರ್ ಕೂಡ ಓಡಿಯಾಗಿತ್ತು. ನಾನು ಅಲ್ಲೇ ಕೂತುಬಿಟ್ಟೆ. ನನ್ನ ಮುಖ ನೋಡಿ ಪಾಪ ಆ ಮನುಷ್ಯ ಗಾಬರಿಯಾದ. ಶೆಡ್ಡಿಗೆ ಓಡಿ ಒಂದು ಪ್ಲಾಸ್ಟಿಕ್ ಚೀಲ ತಂದು ಎರಡೂ ಕೈಯಲ್ಲಿ ನನಗೆ ಕೊಟ್ಟ.

"ಚೀಟಿ ಒಂದೂ ಹಾಳಾಗಿಲ್ಲ ಮೇಡಂ. ನೀರಲ್ಲಿ ನೆನೆಸಿ ನಿಧಾನಕ್ಕೆ ಬಿಡಿಸಿ ಒಣಗಿಸಿಟ್ಟಿದೀನಿ. ಓದ್ದೋರು ಬರೆದಿರೋ ಅಕ್ಷರ, ಯಾರೂ ತುಳೀಬಾರ್ದಲ್ಲ."

ಆ ಇಡೀ ವಿಶ್ವವಿದ್ಯಾಲಯದಲ್ಲಿ ಅಕ್ಷರಕ್ಕೆ ಅಷ್ಟು ಮರ್ಯಾದೆ ಕೊಟ್ಟವನು ಅವನೊಬ್ಬನೇ. ಅವನ ಮೇಲೆ ಹೇಗೆ ಸಿಟ್ಟಾಗಲಿ? ಚೀಲ ಮಡಿಲಲ್ಲಿಟ್ಟುಕೊಂಡು ಅತ್ತೆ.

ಟ್ರ್ಯಾಕ್ ಮುಗಿದ ಮೇಲೆ ಮಕ್ಕಳನ್ನು ಆ ತಿರುವಿಗೆ ಕರೆದುಕೊಂಡು ಹೋದೆ. ಇಲ್ಲಿ ಕೆಳಗೆ ಕಬ್ಬಿಣದ ಅದಿರಿದೆ, ಇಲ್ಲಿ ಕ್ವಾರ್ಟ್ಜ್ ಇದೆ ಎಂದು ಚೀಟಿ ಓದಿ ಓದಿ ಪಾಠ ಮಾಡುತ್ತಿದ್ದೆ. ಕ್ರೀಡಾ ನಿರ್ದೇಶಕರು ದೂರದಿಂದ ಸೀಟಿ ಊದುತ್ತಾ ಬಂದರು. "ಟ್ರ್ಯಾಕ್ ಮೇಲೆ ನಿಲ್ಲೋ ಹಾಗಿಲ್ಲ ಮೇಡಂ. ಓಡ್ತಾ ಪಾಠ ಮಾಡೋದಾದ್ರೆ ಮಾಡಿ."

ಅರ್ಜಿ ಬರೆಯುವ ಕ್ರಮ

ಟೂರ್ನಮೆಂಟ್ ಶುರುವಾಯಿತೆಂದು ಡ್ರೆಸ್ಸಿಂಗ್ ರೂಮಿನಿಂದಲೂ ಎಬ್ಬಿಸಿದರು. ಮತ್ತೆ ಹಳೆಯ ಕೋಣೆ, ಮತ್ತೆ ಅರ್ಜಿ. ಆಫೀಸಿನ ಗುಮಾಸ್ತೆಗೆ ನನ್ನನ್ನು ನೋಡಿ ಅಯ್ಯೋ ಎನಿಸಿರಬೇಕು. ಹತ್ತಿರ ಕರೆದು ಪಿಸುಗುಟ್ಟಿದಳು. "ನಿಮಗೆ ಬರೆಯೋಕೇ ಬರಲ್ಲ ಮಾರಾಯ್ತಿ. ಪಾಠ, ತರಗತಿ ಅಂತೆಲ್ಲ ಬರೆದ್ರೆ ಯಾರು ಓದ್ತಾರೆ?"

ಅವಳೇ ಹೇಳಿ ಬರೆಸಿದಳು. ನಮ್ಮ ವಿದ್ಯಾರ್ಥಿಗಳು ಕೇರಂ ಆಡುವಾಗ ಬೋರ್ಡಿನ ಮೇಲೆ ಗಾರೆ ಬೀಳುತ್ತಿದ್ದು, ಆಟಕ್ಕೆ ಅಡ್ಡಿಯಾಗುತ್ತಿದೆ ಎಂದು. ನಾಲ್ಕನೆಯ ದಿನ ಕೆಲಸದವರು ಬಂದರು. ಚಾವಣಿ ಹೊಸದಾಯಿತು, ಗೋಡೆಗೆ ಬಣ್ಣ ಬಂತು, ಬಾಗಿಲ ಮೇಲೆ "ಒಳಾಂಗಣ ಕ್ರೀಡಾ ಕೊಠಡಿ" ಎಂಬ ಫಲಕ ಬಂತು. ಬೀಗದ ಕೈ ಕ್ರೀಡಾ ನಿರ್ದೇಶಕರ ಜೇಬಿಗೆ ಹೋಯಿತು. ಆಟಗಾರರಿಗೆ ಮಾತ್ರ ಪ್ರವೇಶ ಎಂದರು.

ಬೇರೆ ದಾರಿಯಿರಲಿಲ್ಲ. ಒಂಬತ್ತೂ ಮಕ್ಕಳ ಹೆಸರನ್ನು ತಂಡವೆಂದು ಬರೆಸಿದೆ. ಮಧ್ಯದಲ್ಲಿ ಕೇರಂ ಬೋರ್ಡು, ಸುತ್ತ ನಾವು, ಮೆಲುದನಿಯಲ್ಲಿ ಪಾಠ. ಹೊರಗೆ ಹೆಜ್ಜೆ ಸಪ್ಪಳವಾದರೆ ಯಾರಾದರೂ ಪಟ್ಟನೆ ಸ್ಟ್ರೈಕರ್ ಹೊಡೆಯಬೇಕು ಎಂದು ಹೇಳಿಟ್ಟಿದ್ದೆ. ನನ್ನ ಕೆಲಸಕ್ಕೇ ನಾನು ಕಳ್ಳಿಯಂತೆ ಹೋಗಬೇಕಾಯಿತಲ್ಲ ಎಂದು ಮನೆಯಲ್ಲಿ ಹೇಳಿದರೆ, ನಮ್ಮವರು ಕೇಳಿದ್ದು ಒಂದೇ ಪ್ರಶ್ನೆ: "ಕ್ವೀನ್ ನಿಂಗೆ ಬೀಳುತ್ತಾ?"

ಗೆಲುವು

ಕ್ರೀಡಾ ನಿರ್ದೇಶಕರು ದಿನಕ್ಕೆ ಐದಾರು ಸಲ ಆ ಕಡೆ ಬರುತ್ತಿದ್ದರು. ಆದ್ದರಿಂದ ನಮ್ಮ ಮಕ್ಕಳ ಕೈ ಚೆನ್ನಾಗಿ ಪಳಗಿತು. ವಿಶ್ವವಿದ್ಯಾಲಯಗಳ ನಡುವಿನ ಪಂದ್ಯಕ್ಕೆ ಹೋಗಲೇಬೇಕಾಯಿತು, ಹೋಗದಿದ್ದರೆ ಕೋಣೆ ಕೈತಪ್ಪುತ್ತಿತ್ತು. ಹೋದರು, ಗೆದ್ದು ಬಂದರು. ಸ್ಟೇಡಿಯಂನಲ್ಲಿ ಸನ್ಮಾನವಾಯಿತು. ಇಷ್ಟು ವರ್ಷಗಳಲ್ಲಿ ಭೂವಿಜ್ಞಾನ ವಿಭಾಗ ಮಾಡಿದ ಮೊದಲ ಉಪಯುಕ್ತ ಕೆಲಸ ಎಂದು ಕುಲಪತಿಗಳು ನನಗೆ ಶಾಲು ಹೊದಿಸಿದರು.

ಮರುವಾರ ಪತ್ರ ಬಂತು. ಹೊಸಬರು ಯಾರೂ ಸೇರದ ಕಾರಣ, ಈಗಿನ ಒಂಬತ್ತು ಜನ ಪರೀಕ್ಷೆ ಮುಗಿಸಿದ ಮೇಲೆ ಭೂವಿಜ್ಞಾನ ವಿಭಾಗವನ್ನು ಮುಚ್ಚಲಾಗುವುದು. ಕೇರಂ ತಂಡ ಮಾತ್ರ ಮುಂದುವರಿಯತಕ್ಕದ್ದು, ನಾನು ಅದರ ಮ್ಯಾನೇಜರ್.

ಎರಡು ಸಲ ಓದಿದೆ. ಕಾಲೆಳೆದುಕೊಂಡು ಕುಲಪತಿಗಳ ಕೋಣೆಗೆ ಹೋದೆ. ವಿಭಾಗವೇ ಇಲ್ಲದ ಮೇಲೆ ಮಕ್ಕಳಿಲ್ಲ, ಮಕ್ಕಳಿಲ್ಲದ ಮೇಲೆ ತಂಡ ಎಲ್ಲಿಂದ ತರಲಿ ಎಂದು ಕೇಳಿದೆ. ಅವರು ನಕ್ಕು ಕುರ್ಚಿ ತೋರಿಸಿದರು, ಕಾಫಿ ತರಿಸಿದರು. ಅಷ್ಟು ಪ್ರೀತಿಯಿಂದ ಅವರು ನನ್ನನ್ನು ಎಂದೂ ಮಾತಾಡಿಸಿರಲಿಲ್ಲ.

"ಆ ಚಿಂತೆ ನಿಮಗೆ ಬೇಡ ಮೇಡಂ," ಅಂದರು. "ಒಳ್ಳೊಳ್ಳೆ ಆಟಗಾರರನ್ನ ನಾವೇ ಕರ್ಕೊಂಡು ಬರ್ತೀವಿ. ಒಂದೇ ತೊಂದರೆ, ಕಾಗದದ ಮೇಲಾದ್ರೂ ಅವರು ಏನಾದ್ರೂ ಓದ್ತಿರಬೇಕಂತೆ. ಹೆಚ್ಚು ಮಕ್ಕಳಿಲ್ಲದ, ಯಾರ ಉಸಾಬರಿಗೂ ಹೋಗದ ಸಣ್ಣ ವಿಭಾಗ ಎಲ್ಲಾದ್ರೂ ಇದ್ರೆ ಸ್ವಲ್ಪ ಹುಡುಕಿಕೊಡಿ."

ಹುಡುಕ್ತೀನಿ ಸರ್ ಎಂದು ಕಾಫಿ ಕುಡಿದು ಬಂದೆ.