ಎರಡು ದಿನಕ್ಕೊಮ್ಮೆ ಬೀಗತಿ

ಮುನ್ನೂರು ರೊಟ್ಟಿ ಒಂದು ದೊಡ್ಡ ಕೆಲಸವೇ? ಕಬ್ಬಿನ ತೂಕದ ಸಾಫ್ಟ್‌ವೇರ್ ಬರೆದು ಮೂರು ಸಕ್ಕರೆ ಕಾರ್ಖಾನೆಗಳನ್ನು ದಾರಿಗೆ ತಂದ ಈ ಗುರುಪಾದನಿಗೆ, ಕೇವಲ ಮುನ್ನೂರು ರೊಟ್ಟಿ!

ಸಂಗತಿ ಇಷ್ಟು. ತಂಗಿ ಪೂನಮ್‌ಗೆ ಏಳು ತಿಂಗಳು ತುಂಬಿತ್ತು. ಇನ್ನು ಹತ್ತನೆಯ ದಿನಕ್ಕೆ ರನ್ನ ಬೆಳಗಲಿಯ ಅವಳ ಅತ್ತೆಮನೆಯಲ್ಲಿ ಕುಬಸ, ಅಂದರೆ ಸೀಮಂತ. ತವರಿನವರಾದ ನಾವು ಜಮಖಂಡಿಯಿಂದ ಮುನ್ನೂರು ರೊಟ್ಟಿಯ ಬುತ್ತಿ ಹೊತ್ತು ಹೋಗಬೇಕು. ಬುತ್ತಿ ತುಂಬಿದ್ದರೆ ಯಾರೂ ಏನೂ ಅನ್ನುವುದಿಲ್ಲ. ಕಡಿಮೆಯಾದರೆ ಹುಡುಗಿ ಆಯುಷ್ಯವಿಡೀ ಅನ್ನಿಸಿಕೊಳ್ಳಬೇಕು. ಅವಳ ಅತ್ತೆ ಮಾಯವ್ವನ ನಾಲಿಗೆಯಂತೂ ಮೊದಲೇ ಬ್ಯಾಡಗಿ ಮೆಣಸಿನಕಾಯಿ.

ನಾನು ಆಗಷ್ಟೇ ಪುಣೆಗೆ ಹೋಗಿ ಮೂರು ದಿನ 'ಅಜೈಲ್' ಎಂಬ ವಿದ್ಯೆ ಕಲಿತು ಬಂದಿದ್ದೆ. ದೊಡ್ಡ ಕೆಲಸವನ್ನು ಎರಡೆರಡು ದಿನದ ತುಂಡು ಮಾಡು. ದಿನಾ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿಯೇ ಸಭೆ ಮಾಡು. ಪ್ರತಿ ತುಂಡು ಮುಗಿದಾಗ ಗಿರಾಕಿಯನ್ನು ಕರೆದು ತೋರಿಸು, ಅವರು ಹೇಳಿದಂತೆ ತಿದ್ದು. ಇಷ್ಟೇ! ಕಾರ್ಖಾನೆಗಳ ಹಂಗಾಮು ಮುಗಿದಿತ್ತು, ರಜೆ ಹಾಕಿದೆ. ಅಡುಗೆಮನೆ ಗೋಡೆಯ ತುಂಬ ಹಳದಿ ಚೀಟಿ ಅಂಟಿಸಿದೆ.

ಮೊದಲ ದಿನ ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತು ಸಭೆ ಆರಂಭಿಸಿದೆ. ಹಾಜರಿದ್ದವರು ಇಬ್ಬರು: ನನ್ನ ಹೆಂಡತಿ ರೇಷ್ಮಾ, ಅವ್ವ ಹಣಮವ್ವ.

"ಎಲ್ಲಾರೂ ನಿಂದರ್ರಿ. ಇದು ನಿಂತ ಮಾಡೂ ಸಭಾ!"

"ಮೊಣಕಾಲ ನಿನ್ನಾವೇನಲೇ, ನಿಂದರಾಕ?" ಎಂದು ಅವ್ವ ಮಣೆಯ ಮೇಲೆ ಇನ್ನೂ ಭದ್ರವಾಗಿ ಕೂತಳು.

"ರೀ, ಹಂಚು ಕಾದೈತಿ, ಲಗೂ ಮುಗಸ್ರಿ," ಎಂದಳು ರೇಷ್ಮಾ.

ಮೂರು ಪ್ರಶ್ನೆ ಕೇಳಿದೆ. ನಿನ್ನೆ ಏನು ಮಾಡಿದಿರಿ, ಇವತ್ತು ಏನು ಮಾಡುತ್ತೀರಿ, ಕೆಲಸಕ್ಕೆ ಅಡ್ಡಿ ಏನಿದೆ? ಮೊದಲೆರಡಕ್ಕೂ "ರೊಟ್ಟಿ" ಎಂಬ ಉತ್ತರ ಬಂತು. ಮೂರನೆಯದಕ್ಕೆ ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಸಂಕೋಚವಿರಬೇಕು, ಪಾಪ! ನಾನು ಉದಾರಿಯಾಗಿ ಒಂದು ಚಾಪುಡಿ ಡಬ್ಬಿ ಇಟ್ಟೆ. "ದಿನಾ ಒಂದ ಚೀಟಿ ಬರದ ಇದರಾಗ ಹಾಕ್ರಿ. ಕುಬಸಾ ಮುಗದ ಮ್ಯಾಲ ಎಲ್ಲಾರ ಮುಂದ ಓದತೇನಿ."

"ಎಲ್ಲಾರ ಮುಂದ?" ರೇಷ್ಮಾ ಕೇಳಿದಳು.

"ಎಲ್ಲಾರ ಮುಂದ!"

ಗುಣಮಟ್ಟದ ಹೊಣೆಯನ್ನು ನಾನೇ ಹೊತ್ತೆ. ಹತ್ತಕ್ಕೊಂದು ರೊಟ್ಟಿ ಎತ್ತಿ, ಮುರಿದು, ಸಪ್ಪಳ ಕೇಳಿ, ಗುರೆಳ್ಳು ಚಟ್ನಿ ಹಚ್ಚಿ ಪರೀಕ್ಷಿಸಿದೆ. ಗಟ್ಟಿ ಮೊಸರಿದ್ದರೆ ಪರೀಕ್ಷೆ ಇನ್ನೂ ಕರಾರುವಾಕ್ಕು.

"ಮುರದ ರೊಟ್ಟಿ ಬುತ್ಯಾಗ ಇಡಾಕ ಬರೂದಿಲ್ಲೋ ಯಪ್ಪಾ!" ಅವ್ವ ಹಲುಬಿದಳು. ವಿದ್ಯೆಯ ಬೆಲೆ ಮನೆಯವರಿಗೆ ತಿಳಿಯುವುದಿಲ್ಲ.

ಎರಡನೆಯ ದಿನ ಸಂಜೆಗೆ ಅರವತ್ತು ರೊಟ್ಟಿ. ಈಗ ಗಿರಾಕಿಗೆ ತೋರಿಸಬೇಕು. ಗಿರಾಕಿ ಯಾರು? ಬುತ್ತಿ ಬಿಚ್ಚುವವಳು! ಮಾಯವ್ವನಿಗೆ ಫೋನ್ ಮಾಡಿ, "ಬಂದ ನೋಡಿ ಹೋಗ್ರಿ" ಎಂದುಬಿಟ್ಟೆ.

ಬೀಗತಿ ಬಂದಳು. ಬೀಗತಿ ಎಲ್ಲಾದರೂ ಒಬ್ಬಳೇ ಬರುತ್ತಾಳೆಯೇ? ನಾದಿನಿ, ನೆಗೆಣ್ಣಿ, ಎರಡು ಮೊಮ್ಮಕ್ಕಳು ಜೊತೆಗೆ. ಬಂದವರಿಗೆ ಉಣಬಡಿಸದೆ ಕಳಿಸಲಾದೀತೆ? ಉಂಡವರನ್ನು ಬರಿಗೈಲೆ ಕಳಿಸಲಾದೀತೆ? ಹೆಂಗಸರಿಗೆ ಉಡಿ ತುಂಬಿ, ರವಿಕೆ ಖಣ ಕೊಟ್ಟು, ಒಬ್ಬೊಬ್ಬರಿಗೂ ರೊಟ್ಟಿಗಂಟು ಕಟ್ಟಿಕೊಟ್ಟದ್ದಾಯಿತು. ಅರವತ್ತರಲ್ಲಿ ಉಳಿದದ್ದು ಒಂಬತ್ತು.

"ಎಳ್ಳ ಜರಾ ಕಡಿಮಿ ಆಗ್ಯಾವ ನೋಡ್ರಿ," ಎಂದು ಹೊಸ್ತಿಲಲ್ಲಿ ಮಾಯವ್ವ ಅಂದಳು. ನನಗೆ ರೋಮಾಂಚನ! ಗಿರಾಕಿಯ ಅಭಿಪ್ರಾಯ! ಚೀಟಿಯಲ್ಲಿ ಬರೆದು ಅಂಟಿಸಿದೆ.

ನಾಲ್ಕನೆಯ ದಿನ ಮತ್ತೆ ಬಂದಳು. "ಸಜ್ಜಿ ರೊಟ್ಟಿ ಇನ್ನೂ ತೆಳ್ಳಗ ಇರಲಿ." ಆರನೆಯ ದಿನ ಬಂದಳು. "ಮೊದಲಿನಾವ ಛಲೋ ಇದ್ದುವು ಬಿಡ್ರಿ." ಪ್ರತಿ ಸಲವೂ ಊಟ, ಉಡಿ, ಗಂಟು. ಮನೆಯ ಖಣವೆಲ್ಲ ತೀರಿ, ರೇಷ್ಮಾ ತನ್ನ ತವರಿನ ಖಣ ತೆಗೆದು ಕೊಟ್ಟಳು. ಕೊಡುವಾಗ ನನ್ನ ಕಡೆ ಒಂದು ನೋಟ ನೋಡಿದಳು, ಅದನ್ನು ಮಾತ್ರ ಚೀಟಿಯಲ್ಲಿ ಬರೆಯಲು ಧೈರ್ಯವಾಗಲಿಲ್ಲ.

ಏಳನೆಯ ದಿನ ತುರ್ತು ಕರೆ ಬಂದು ನಾನು ಆಫೀಸಿಗೆ ಹೋಗಬೇಕಾಯಿತು. ಸಂಜೆ ಬಂದು ನೋಡಿದರೆ ತೊಂಬತ್ತು ರೊಟ್ಟಿ! ಒಂದೇ ದಿನಕ್ಕೆ! ನಾನಿಲ್ಲದಿದ್ದರೂ ಓಡುವಂಥ ಪದ್ಧತಿ ಕಟ್ಟಿದ್ದೇನಲ್ಲ ಎಂದು ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ. ಮರುದಿನ ಬೀಗತಿ ಬಂದಳು, ಈ ಸಲ ತನ್ನ ಓಣಿಯ ಇನ್ನೂ ಮೂವರೊಂದಿಗೆ.

ಒಂಬತ್ತನೆಯ ದಿನ ಸಂಜೆ ಅವ್ವ ಬುಟ್ಟಿ ಮುಂದೆ ಕೂತು ಎಣಿಸಿದಳು. ನಲವತ್ತೊಂದು.

"ನನ್ನ ಮಗಳು ಅಲ್ಲಿ ಎಲ್ಲಾರ ಮುಂದ ತಲಿ ತಗ್ಗಿಸಿ ನಿಂದರಬೇಕಲ್ಲೋ ಗುರುಪಾದಾ!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೋಡೆಯ ಚೀಟಿಗಳೆಲ್ಲ ನನ್ನನ್ನೇ ಅಣಕಿಸಿದವು. ಒಂದೊಂದಾಗಿ ಕಿತ್ತು ಹಾಕಿದೆ. ಆ ರಾತ್ರಿ ಊಟ ಸೇರಲಿಲ್ಲ.

ಬೆಳಿಗ್ಗೆ ಬಾಗಿಲು ತೆರೆದರೆ ಪಕ್ಕದ ಮನೆಯ ಯಂಕವ್ವ! ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಐವತ್ತು ರೊಟ್ಟಿ. ಅವಳ ಹಿಂದೆ ಓಣಿಯ ಇನ್ನೂ ಐದು ಹೆಂಗಸರು, ಐದು ಬುಟ್ಟಿ.

"ನಮ್ಮ ಮಗಳ ಕುಬಸಕ್ಕ ನಿನ್ನ ಹೇಣ್ತಿ ಎರಡ ದಿನಾ ರೊಟ್ಟಿ ಬಡದ್ಲು. ಮುಯ್ಯಿ ತೀರಸೂದು ಬ್ಯಾಡೇನೋ ತಮ್ಮಾ?" ಎಂದಳು ಯಂಕವ್ವ.

"ಬೀಗತಿ ಎರಡನೇ ಸಲ ಬಂದ ದಿನಾನ ಓಣ್ಯಾಗ ಹೇಳಿ ಬಂದಿದ್ದೆ," ಎಂದಳು ರೇಷ್ಮಾ.

"ಮತ್ತ ಸಭಾದಾಗ ಯಾಕ ಹೇಳಲಿಲ್ಲ?"

"ಹೇಳಿದ್ರ ಅವರ ಮನಿಗೋಳಿಗೂ ಚೀಟಿ ಹಚ್ಚತಿದ್ರಿ!"

ಬೆಳಗಲಿಯಲ್ಲಿ ಮಾಯವ್ವ ಬುತ್ತಿ ಬಿಚ್ಚಿದಳು. ಒಂದು ರೊಟ್ಟಿ ದಪ್ಪ, ಒಂದು ತೆಳು, ಒಂದರಲ್ಲಿ ಎಳ್ಳು ಜಾಸ್ತಿ.

"ಇದರಾಗ ಏಳ ಮನಿ ಕೈ ಅದಾವು," ಎಂದಳು ಮಾಯವ್ವ, ಎಲ್ಲರಿಗೂ ಕೇಳುವಂತೆ. "ಓಣಿಗೆ ಓಣಿನ ದುಡದೈತಿ. ಇಂಥಾ ಮನಿ ಹೆಣ್ಣ ತಂದೇವಿ ನಾವು!"

ಪೂನಮ್ ತಲೆ ಎತ್ತಿ ನಕ್ಕಳು. ನನ್ನ ಕಣ್ಣಿಗೆ ಕಸ ಬಿದ್ದಿತ್ತು, ಬೇರೇನಿಲ್ಲ.

ಅವಳನ್ನು ಹೆರಿಗೆಗೆ ಕರೆತಂದ ಮರುದಿನ, ಕೊಟ್ಟ ಮಾತಿನಂತೆ ಯಂಕವ್ವನನ್ನೂ ಕರೆದು ಎಲ್ಲರ ಮುಂದೆ ಚಾಪುಡಿ ಡಬ್ಬಿ ತೆರೆದೆ. ಒಂಬತ್ತು ಚೀಟಿ, ರೇಷ್ಮಾಳ ಅಕ್ಷರ. ಮೊದಲನೆಯದು: "ಅಡ್ಡಿ: ಗುರುಪಾದ." ಎರಡನೆಯದು: "ಅಡ್ಡಿ: ಗುರುಪಾದ." ಮೂರು, ನಾಲ್ಕು, ಐದು, ಆರು, ಅದೇ ಮಂತ್ರ!

"ನಾ ಹೇಳಿದೆ, ಆಕಿ ಬರದ್ಲು," ಎಂದಳು ಅವ್ವ, ಎಲೆಅಡಿಕೆ ಮೆಲ್ಲುತ್ತ.

ಏಳನೆಯ ಚೀಟಿ ಮಾತ್ರ ಉದ್ದವಾಗಿತ್ತು. ನನಗೆ ಜೀವ ಬಂತು. ಒಂದು ದಿನವಾದರೂ ನನ್ನ ಪದ್ಧತಿಯ ಬೆಲೆ ತಿಳಿದಿತ್ತಲ್ಲ! ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದಿದೆ:

"ಇವತ್ತ ಏನೂ ಅಡ್ಡಿ ಇಲ್ಲ. ಅಂವ ಆಫೀಸಿಗೆ ಹೋಗ್ಯಾನ."